ಸುರಂಗದೊಳಗೆ ನಡೆದವಳ ಕಥೆ ಯಾರದು

ನಾನು ಬರೆದ ಒಂದೇ ಒಂದು ಕಾದಂಬರಿಯಲ್ಲಿ ಎರಡು ಕಾಲಗಳಿವೆ. ಒಂದು, ಸುಲ್ತಾನರ ಆಳ್ವಿಕೆಯಲ್ಲಿ ಬೀದರಿನ ನೆಲದಡಿ ನೀರಿನ ಸುರಂಗ ಕೊರೆದ ಕಾಲ. ಇನ್ನೊಂದು, ಮಳೆ ಕೈಕೊಟ್ಟು ಔರಾದ ಕಡೆಯ ಜನ ಗಂಟು ಕಟ್ಟಿಕೊಂಡು ಬೀದರಿಗೆ ನಡೆದುಬಂದ ಕಾಲ. ಎರಡನ್ನೂ ಹೆಣೆಯುವುದು ಒಂದು ಜನಪದ ಕಥೆ ಎಂದೇ ನಾನು ತಿಳಿದಿದ್ದೆ.

ಅದನ್ನು ಕೇಳಿದ್ದು ಅವ್ವನ ಬಾಯಿಂದ. ನಮ್ಮೂರು ಔರಾದ ಕಡೆಯ ಚಿಂತಾಕಿ. ಬರದ ವರ್ಷ ಅಪ್ಪ ಕೆಲಸ ಹುಡುಕಿಕೊಂಡು ಹೈದರಾಬಾದಿಗೆ ಹೋದರು. ಅವ್ವ ನನ್ನನ್ನು ಸೊಂಟಕ್ಕೆ ಕಟ್ಟಿಕೊಂಡು ಬೀದರಿಗೆ ಬಂದು, ಕೆರೆಯ ಹೂಳೆತ್ತುವ ಸರಕಾರಿ ಕೆಲಸಕ್ಕೆ ಸೇರಿದಳು. ಮುಂದೆ ಅಪ್ಪನೂ ಬಂದು ಸೇರಿಕೊಂಡು, ನಾವು ಬೀದರಿನ ಚಿದ್ರಿಯಲ್ಲೇ ನೆಲೆ ನಿಂತೆವು. ನಾನು ಓದಿ, ಭಾಲ್ಕಿಯ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವಳಾದೆ. ಆ ಕಥೆಯನ್ನು ಮಾತ್ರ ಅವ್ವ ನಾನು ದೊಡ್ಡವಳಾಗುವವರೆಗೂ ಹೇಳುತ್ತಲೇ ಇದ್ದಳು.

ಕಥೆ ಹೀಗಿತ್ತು. ಸುರಂಗ ತೋಡುವಲ್ಲಿ ಮಣ್ಣು ಹೊರುವ ಹೆಂಗಸಿಗೆ ಒಂದು ದಿನ ಬಂಡೆಯ ಆಚೆಯಿಂದ ಯಾರೋ ಅಳುವುದು ಕೇಳುತ್ತದೆ. ಅಳುತ್ತಿರುವುದು ನೀರು. ‘ನನ್ನೂರಿನ ದಾರಿ ತಪ್ಪಿದೆ’ ಎನ್ನುತ್ತದೆ. ‘ನಾನೂ ಊರು ಬಿಟ್ಟು ಬಂದವಳೇ, ನನ್ನ ಹಿಂದೆ ಬಾ’ ಎಂದು ಅವಳು ಹಾಡುತ್ತ ಕತ್ತಲಲ್ಲಿ ಮುಂದೆ ನಡೆಯುತ್ತಾಳೆ. ಹಾಡು ಕೇಳುವಷ್ಟು ದೂರ ನೀರು ಹಿಂಬಾಲಿಸುತ್ತದೆ. ಅವ್ವ ನನಗೆ ಹೇಳುತ್ತಿದ್ದದ್ದು ಅಲ್ಲಿಯವರೆಗೆ ಮಾತ್ರ.

ಕಾದಂಬರಿ ಬರೆದು ಮುಗಿಸಿದಾಗ, ನನಗೆ ಪಾಠ ಹೇಳಿದ ಮೇಷ್ಟ್ರೊಬ್ಬರಿಗೆ ಓದಲು ಕೊಟ್ಟೆ. ಅವರು ಮೆಚ್ಚಿಕೊಂಡು, “ಕಥಿ ಎಲ್ಲಿಂದ ಬಂದದ ಅಂತ ಮುನ್ನುಡಿಯಾಗ ಬರಿಬೇಕಾಗ್ತದರಿ. ಊರಿಗಿ ಹೋಗಿ ಇನ್ನೊಂದಿಬ್ಬರ ಕಡಿಂದ ಕೇಳಿ ಬರ್ರಿ,” ಎಂದರು.

ಚಿಂತಾಕಿಗೆ ಹೋಗಿ ಹಿರಿಯರನ್ನೆಲ್ಲ ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ. ಆ ಕಥೆ ಬಲ್ಲ ಮುದುಕಿಯೊಬ್ಬಳು ಠಾಣಾ ಕುಶನೂರಿನಲ್ಲಿದ್ದಾಳೆ ಎಂದು ಯಾರೋ ಹೇಳಿದರು. ಬಸ್ಸು ಹತ್ತಿ ಅಲ್ಲಿಗೆ ಹೋದೆ. ಆಕೆ ಅಂಗಳದಲ್ಲಿ ತೊಗರಿ ಹರವುತ್ತ ಕಥೆಯನ್ನು ಪೂರ್ತಿ ಹೇಳಿದಳು. ಕೊನೆಗೆ ಆ ಹೆಂಗಸು ಕುಶನೂರಿನ ಬಾವಿಯಿಂದ ಹೊರಗೆ ಬಂದಳಂತೆ.

“ಇದು ನಿಮ್ಮೂರಿನ ಹಳೀ ಕಥಿ ಏನ್ರಿ ದೊಡ್ಡವ್ವ?” ಎಂದು ಕೇಳಿದೆ.

“ಎಲ್ಲಿ ಹಳೀದವ್ವ. ಬರಗಾಲದಾಗ ಬೀದರಕ್ಕ ಮಣ್ಣು ಹೊರಾಕ ಹೋಗಿದ್ವಿ. ಅಲ್ಲಿ ಚಿಂತಾಕಿಯಾಕಿ ಒಬ್ಬಾಕಿ ಇದ್ದಳು, ಸಣ್ಣ ಕೂಸು ಕಟ್ಟಿಕೊಂಡು ಬಂದಿದ್ದಳು. ಬುತ್ತಿ ಬಿಚ್ಚಿದಾಗ ದಿನಾ ಒಂದೊಂದು ತುಂಡು ಆಕಿನೇ ಕಟ್ಟಿ ಹೇಳ್ತಿದ್ದಳು. ನಮ್ಮೂರ ಹೆಸರು ಹಾಕು ಅಂದೆ. ಮರುದಿನ ಕಥಿಯೊಳಗ ಕುಶನೂರ ಬಂತು.”

“ಆ ಕೂಸು ನಾನೇರಿ,” ಎಂದೆ. ಆಕೆ ತೊಗರಿ ಬಿಟ್ಟು ಎದ್ದು ಬಂದು, ಎರಡೂ ಕೈಯಲ್ಲಿ ನನ್ನ ಮುಖ ಹಿಡಿದು ನೋಡಿದಳು.

ಸಂಜೆ ಚಿದ್ರಿಗೆ ಮರಳಿದವಳೇ ಅವ್ವನನ್ನು ಕೇಳಿದೆ.

“ನಂದೇ ಕಥಿ. ಮತ್ತ ಯಾರದು?” ಎಂದಳು.

“ಇಷ್ಟು ವರ್ಷ ಯಾಕ ಹೇಳಲಿಲ್ಲ?”

“ನೀ ಕೇಳಿದ್ದಿಲ್ಲ.”

ಬುತ್ತಿಯ ಹೊತ್ತಿಗೆ ಹೇಳಲು ಅವ್ವನ ಬಳಿ ಇದ್ದ, ನಮ್ಮ ಅಜ್ಜಿಯಿಂದ ಕೇಳಿದ ಕಥೆಗಳು ನಾಲ್ಕೇ ದಿನಕ್ಕೆ ಮುಗಿದಿದ್ದವಂತೆ. ಜೊತೆಗೆ ಮಣ್ಣು ಹೊರುವ ಹೆಂಗಸರು ಬಿಡಲಿಲ್ಲ. ಬೀದರಿನ ಪಕ್ಕದ ನೌಬಾದ ಹತ್ತಿರ ನೆಲದೊಳಗೆ ಹಳೆಯ ನೀರಿನ ಸುರಂಗವಿದೆ ಎಂದು ಕೆಲಸದ ಮೇಸ್ತ್ರಿ ಹೇಳಿದ್ದ. ಅಷ್ಟನ್ನೇ ಹಿಡಿದು ಅವ್ವ ಶುರುಮಾಡಿದ್ದಳು. ಆಗಿನ್ನೂ ಸಾಲೆಯ ಮೆಟ್ಟಿಲು ಹತ್ತದಿದ್ದವಳು ತಿಂಗಳುಗಟ್ಟಲೆ ಒಂದು ಕಥೆಯನ್ನು ತಲೆಯಲ್ಲೇ ಇಟ್ಟುಕೊಂಡು ಬೆಳೆಸಿದ್ದಳು. ನಾನು ಅದೇ ಕಥೆಯನ್ನು ಬರೆಯಲು ಏಳು ವರ್ಷ ಕಾಗದ ಹರಿದು ಹಾಕಿದವಳು.

ನನ್ನ ಕೊನೆಯ ಅಧ್ಯಾಯವನ್ನು ಅವಳಿಗೆ ಓದಿ ಹೇಳಿದೆ. ಅದರಲ್ಲಿ ನೀರು ನುಗ್ಗಿ ಆ ಹೆಂಗಸು ಸುರಂಗದಲ್ಲೇ ಸಾಯುತ್ತಾಳೆ.

“ಯಾಕ ಸಾಯಿಸ್ದಿ ಆಕೀನ?”

“ಕಾದಂಬರಿಗಿ ಹಂಗ ಬೇಕಾಗಿತ್ತವ್ವ.”

“ನಾ ಸಾಯಿಸಿದ್ರ ಮರುದಿನ ಬುಟ್ಟಿ ಹೊರಾಕ ಯಾರು ಬರ್ತಿದ್ರು?”

ಹೂಳೆತ್ತುವ ಕೆಲಸ ಮುಗಿಯುವ ದಿನ ಅವ್ವ, ಕಥೆಯ ಹೆಂಗಸು ಯಾವ ಊರಿಗೆ ಬರಲಿ ಎಂದು ಪ್ರತಿಯೊಬ್ಬಳನ್ನೂ ಕೇಳಿದಳಂತೆ. ಒಬ್ಬಳು ಕುಶನೂರು ಅಂದಳು, ಒಬ್ಬಳು ಔರಾದ, ಇನ್ನೊಬ್ಬಳು ಭಾಲ್ಕಿ. ಅವ್ವ ಆ ಹೆಂಗಸನ್ನು ಎಲ್ಲ ಊರಿನ ಬಾವಿಯಿಂದಲೂ ಒಂದೇ ಮುಂಜಾನೆ ನೀರಿನ ಸಮೇತ ಹೊರಗೆ ತಂದಳು.

“ಒಬ್ಬಾಕಿ ಅಷ್ಟು ಕಡಿ ಹ್ಯಾಂಗ ಬರ್ತಾಳವ್ವ?”

“ಸುರಂಗಕ್ಕ ಒಂದೇ ಬಾಯಿ ಅಂತ ಯಾರು ಹೇಳ್ಯಾರ?”

ಆ ಅಧ್ಯಾಯವನ್ನು ಪೂರ್ತಿ ತೆಗೆದು ಅವ್ವ ಹೇಳಿದಂತೆಯೇ ಬರೆದೆ. ಮುನ್ನುಡಿಯಲ್ಲಿ ‘ಜನಪದ ಕಥೆ’ ಎಂಬುದನ್ನು ಹೊಡೆದುಹಾಕಿ, ‘ಈ ಕಥೆಯನ್ನು ಕಟ್ಟಿದವಳು ನನ್ನ ತಾಯಿ’ ಎಂದು ಸೇರಿಸಿದೆ. ಜೀವನದಲ್ಲಿ ನಾನು ಬರೆದ ಸಾಲುಗಳಲ್ಲಿ ಅಷ್ಟು ಧೈರ್ಯವಾಗಿ ಬರೆದದ್ದು ಇನ್ನೊಂದಿಲ್ಲ.

ಭಾಲ್ಕಿಯಲ್ಲಿ ಪುಸ್ತಕ ಬಿಡುಗಡೆಯಾಯಿತು. ಮೇಷ್ಟ್ರು ಅವ್ವನನ್ನು ವೇದಿಕೆಗೆ ಕರೆದು ನಡುವಿನ ಕುರ್ಚಿಯಲ್ಲಿ ಕೂರಿಸಿದರು. ಕಾಲೇಜಿನ ಹುಡುಗಿಯರು ಸಹಿಗಾಗಿ ನನ್ನ ಮುಂದೆ ಸಾಲು ನಿಂತಾಗ, ಅವ್ವ ಮೊದಲನೆಯವಳ ಪುಸ್ತಕವನ್ನು ತನ್ನ ಕಡೆಗೆ ಎಳೆದುಕೊಂಡು, “ಮೊದಲ ನಾ ಮಾಡ್ತೇನಿ. ಕಥಿ ನಂದು, ಬರದಾಕಿ ನಮ್ಮ ಮಗಳು,” ಎಂದಳು. ವಯಸ್ಸಾದ ಮೇಲೆ ರಾತ್ರಿ ಸಾಲೆಗೆ ಹೋಗಿ ಕಲಿತ ಅಕ್ಷರಗಳಲ್ಲಿ, ಅವಸರವಿಲ್ಲದೆ, ತನ್ನ ಹೆಸರನ್ನು ಪೂರ್ತಿಯಾಗಿ ಬರೆದಳು. ನಾನು ಅದರ ಕೆಳಗೆ ಸಹಿ ಮಾಡಿದೆ.