ಕೋರಿನ ಸಂದಿನಲ್ಲಿ ಲಗ್ನಪತ್ರಿಕೆ

ಮೊನ್ನೆ ಅಂಚೆಯಲ್ಲಿ ಬಂದ ಲಗ್ನಪತ್ರಿಕೆಯನ್ನು ಓದುವ ಮೊದಲೇ ಅದರ ಅಂಚನ್ನು ಎರಡು ಬೆರಳ ನಡುವೆ ಹಿಸುಕಿ ನೋಡುತ್ತಿದ್ದೆ. "ಯಾರ ಮದುವೆ ಅಂತ ನೋಡೋದು ಬಿಟ್ಟು ಸೀರೆ ಅಂಗಡೀಲಿ ನಿಂತೋರ ಥರ ಏನ್ರೀ ಅದು?" ಎಂದಳು ಹೆಂಡತಿ. ಪತ್ರಿಕೆಯ ದಪ್ಪದ ಮೇಲೆ ಒಂದು ಫೋನಿನ ಪ್ರಾಣ ನಿಂತಿದ್ದನ್ನು ಕಂಡವನು ನಾನು. ಅವಳು ನಂಬುವುದಿಲ್ಲ, ನೀವಾದರೂ ಕೇಳಿ.

ತೊಂಬತ್ತರ ದಶಕದ ಕೊನೆ. ಬಾಳ್ಳುಪೇಟೆಯ ಒಂದು ರೇಡಿಯೋ-ಟಿವಿ ರಿಪೇರಿ ಅಂಗಡಿಯಲ್ಲಿ ಮೂವರಿದ್ದೆವು: ಅಂಗಡಿಯ ಸಿದ್ದೇಗೌಡರು, ಡಿಪ್ಲೊಮಾ ಮುಗಿಸಿ ಅವರಿಗೇ ಪಾಠ ಹೇಳಹೊರಟಿದ್ದ ನಾನು, ಹೆಗ್ಗದ್ದೆಯಿಂದ ಬಂದ ರತ್ನಕ್ಕ. ಅವರ ಚಿಲ್ಲರೆ ಅಂಗಡಿಯಲ್ಲಿ ಊರಿಗೆಲ್ಲ ಒಂದೇ ಫೋನು, ತಂತಿಯಿಲ್ಲದ ರೇಡಿಯೋ ಫೋನು. ಅದಕ್ಕೆ ಕರೆಂಟು ಕೊಡುವ ಪವರ್ ಸಪ್ಲೈ ಡಬ್ಬಿ ಸುಟ್ಟಿತ್ತು. ಮಗಳು ಸವಿತಾ ಹಾಸನದಲ್ಲಿ ದಿನ ತುಂಬಿ ಕೂತಿದ್ದಳು. ಮೊದಲನೆಯ ಮಗು ಉಳಿದಿರಲಿಲ್ಲ. ಬೀಗರ ಮನೆಗೆ ಕರೆಯದೆ ಹೋಗುವ ಹೆಂಗಸಲ್ಲ ರತ್ನಕ್ಕ. ಗಂಟು ಕಟ್ಟಿಟ್ಟುಕೊಂಡು ಸತ್ತ ಫೋನಿನ ಮುಂದೆ ಕಾಯುತ್ತಿದ್ದರು.

ಎಸ್ಟೇಟುಗಳಲ್ಲಿ ಕಾಫಿ ಹೂವಿಗೆ ನೀರು ಹಾಯಿಸುವ ಕಾಲ. ಪಂಪುಗಳು ಓಡುವಾಗ ವೋಲ್ಟೇಜು ನೂರೈವತ್ತಕ್ಕೆ ಕುಸಿಯುತ್ತಿತ್ತು, ನಿಂತೊಡನೆ ಮುನ್ನೂರರ ಹತ್ತಿರ ನೆಗೆಯುತ್ತಿತ್ತು. ಹಾಗಾಗಿ ಆ ಏರಿಳಿತ ತಡೆಯುವಂತೆ ಡಬ್ಬಿಯ ಒಳಗನ್ನೇ ಹೊಸದಾಗಿ ಕಟ್ಟಲು ಹೊರಟೆವು. ರೆಸಿಸ್ಟರನ್ನು ನಾನು ಎರಡು ಹಾಳೆ ಲೆಕ್ಕ ಹಾಕಿ ಆರಿಸಿದೆ. ಪರೀಕ್ಷೆಯಲ್ಲಿ ಅದು ಬೀಡಿಯಂತೆ ಹೊಗೆಯಾಡಿತು. "ಜೋಡೆತ್ತಿನ ಗಾಡಿಗೆ ಒಂದೇ ಎತ್ತು ಕಟ್ಟಿದೀಯಲ್ಲ ಮಾರಾಯ," ಎಂದು ಸಿದ್ದೇಗೌಡರು ಎರಡು ದಪ್ಪ ರೆಸಿಸ್ಟರುಗಳನ್ನು ಒಂದರ ಹಿಂದೊಂದು ಹಾಕಿದರು. ಹಾಳೆಗಳನ್ನು ನಾನು ಜೇಬಿಗಿಳಿಸಿದೆ.

ಟ್ರಾನ್ಸ್‌ಫಾರ್ಮರಿನ ತಂತಿಸುತ್ತಿನೊಳಗೆ ಕೂರುವ ಕೋರನ್ನು ಅವರು ಗಡಿಗೆ ಕೊಳ್ಳುವವರಂತೆ ಬೆರಳಿಂದ ಬಾರಿಸಿ ಆರಿಸುತ್ತಿದ್ದರು. ಕಣ್ಣಿಗೆ ಕಾಣದ ಬಿರುಕಿದ್ದರೂ ದನಿ ಮಂಕಾಗುತ್ತದೆ. ಕೋರಿನ ಎರಡು ಕರಿ ತುಂಡುಗಳನ್ನು ಎದುರುಬದುರು ಕೂರಿಸುವಾಗ ನಡುವೆ ಕಾಗದದಷ್ಟು ಸಂದು ಬಿಡಬೇಕು. ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು. ಸಿದ್ದೇಗೌಡರು ಅದಕ್ಕೆ ಬಳಸುತ್ತಿದ್ದದ್ದು ಲಗ್ನಪತ್ರಿಕೆ. ಸಾಹುಕಾರರ ಮದುವೆಯದು ಟಿವಿಗೆ, ಬಡವರ ಮದುವೆಯದು ಸಣ್ಣ ಚಾರ್ಜರಿಗೆ ಎಂದು ಡ್ರಾಯರಿನಲ್ಲಿ ಬೇರೆ ಬೇರೆ ಕಟ್ಟುಗಳಿದ್ದವು.

ರತ್ನಕ್ಕ ಚೀಲದಿಂದ ಸವಿತಾಳ ಮದುವೆ ಪತ್ರಿಕೆಯನ್ನೇ ತೆಗೆದರು. ಸಿದ್ದೇಗೌಡರು ಹಿಸುಕಿ ನೋಡಿ, "ಅಳತೆ ಸರಿಯಾಗೈತೆ," ಎಂದು ನಡುಭಾಗಕ್ಕೆ ಕತ್ತರಿ ಇಟ್ಟರು.

"ಅಯ್ಯೋ, ಅರಿಶಿನ ಹಚ್ಚಿರೋ ಮೂಲೆ ಬುಟ್ಟು ಹೆಣ್ಣಿನ ಹೆಸರಿಗೆ ಕತ್ತರಿ ಹಾಕ್ತೀಯೇನೋ? ಬಸುರಿ ಕಣೋ ಅವಳು!"

ಸಿದ್ದೇಗೌಡರು ನನ್ನತ್ತ ನೋಡಿದರು. ಡಿಪ್ಲೊಮಾದಲ್ಲಿ ಅರಿಶಿನದ ಪಾಠವಿರಲಿಲ್ಲ. ಆಗಲಿ ಎಂದು ನಾನು ತಲೆಯಾಡಿಸಿಬಿಟ್ಟೆ.

ಮೂಲೆಯನ್ನೇ ಹಾಕಿದೆವು. ಒಣಗಿ ಹೆಪ್ಪುಗಟ್ಟಿದ್ದ ಅರಿಶಿನ ಸಂದನ್ನು ದುಪ್ಪಟ್ಟು ಮಾಡಿತ್ತು. ಹೆಗ್ಗದ್ದೆಯಲ್ಲಿ ಡಬ್ಬಿ ಒಂದು ಗಂಟೆ ಜೀರುಂಡೆಯಂತೆ ಕಿರುಗುಟ್ಟಿ, ಢಬ್ ಎಂದು ಕಣ್ಣು ಮುಚ್ಚಿತು.

ಎರಡನೆಯ ಸಲ ರತ್ನಕ್ಕನಿಗೆ ಹೇಳದೆ ಪತ್ರಿಕೆಯ ನಡುಭಾಗವನ್ನೇ ಕತ್ತರಿಸಿದೆವು. ಮರುದಿನ ಡಬ್ಬಿಯನ್ನು ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ಸಿದ್ದೇಗೌಡರು ಬಸ್ಸಿನಲ್ಲಿ ಕೂತರು, ಪಕ್ಕದಲ್ಲಿ ನಾನು. ಹೆಗ್ಗದ್ದೆಯಲ್ಲಿ ರತ್ನಕ್ಕನ ಅಂಗಡಿಯ ಮುಂದೆ ನಾವು ಇಳಿಯುವ ಮೊದಲೇ ಕಂಡಕ್ಟರು ಬಾಗಿಲಿಂದ ತಲೆ ಹೊರಹಾಕಿ ಕೂಗಿದ: "ರತ್ನಕ್ಕಾ, ಹೆಣ್ಣು ಮಗು ಅಂತೆ! ಇಬ್ರೂ ಚೆನ್ನಾಗವರಂತೆ! ಬೆಳಿಗ್ಗೆ ನಿಮ್ಮಳಿಯ ಹಾಸನದ ಸ್ಟ್ಯಾಂಡಲ್ಲಿ ಸಿಕ್ಕಿ ಹೇಳಿದ್ರು. ಫೋನು ಎಷ್ಟ್ ಮಾಡಿದ್ರೂ ಸಿಗ್ತಿಲ್ವಂತೆ, ಬರ್ಬೇಕಂತೆ!"

ವಿಜ್ಞಾನ ತಾನು ಹತ್ತಿದ ಬಸ್ಸಿಗೇ ಸೋತಿತ್ತು. ರತ್ನಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಆಮೇಲೆ ಸಿದ್ದೇಗೌಡರ ಮುಖವನ್ನೂ ಕೈಯಲ್ಲಿದ್ದ ಡಬ್ಬಿಯನ್ನೂ ನೋಡಿ, "ಸುಮ್ನೆ ನಿಂತ್ಯಲ್ಲೋ, ಹಾಕು ಅದನ್ನ," ಎಂದರು.

ಹಾಕಿದೆವು. ಹಸಿರು ದೀಪ ಹತ್ತಿತು, ಕಿರುಗುಟ್ಟಲಿಲ್ಲ. ಸ್ವಲ್ಪ ಹೊತ್ತಿಗೆ ಫೋನು ಹೊಡೆದುಕೊಂಡಿತು.

"ಹಲೋ, ಯಾರು, ಅಳಿಯಂದ್ರಾ? ಏನು? ಹೆಣ್ಣಾ? ಅಯ್ಯೋ ದೇವ್ರೇ! ನಂಗ್ಯಾರು ಹೇಳ್ತಾರಪ್ಪ, ಫೋನು ಕೆಟ್ಟೋಗಿತ್ತು! ನಮ್ಮ ಸಿದ್ದೇಗೌಡ ಇದೇ ಈಗ ಸರಿ ಮಾಡ್ದ, ಇಲ್ದಿದ್ರೆ ನಂಗೆ ಗೊತ್ತೇ ಆಯ್ತಿರ್ಲಿಲ್ಲ!"

ಸಿದ್ದೇಗೌಡರು ಅತ್ತ ತಿರುಗಿ, ಶುಭ್ರವಾಗಿಯೇ ಇದ್ದ ಸ್ಕ್ರೂಡ್ರೈವರನ್ನು ಒರೆಸತೊಡಗಿದರು.

ಮೊನ್ನೆ ಆ ಪತ್ರಿಕೆ ಬಂದ ಸಂಜೆಯೇ ಮದುವೆ ಹುಡುಗಿಯ ಅಪ್ಪ, ನನ್ನ ಹಳೆಯ ಗೆಳೆಯ, ಫೋನು ಮಾಡಿದ. "ಮಗಳ ಮದುವೆ ಇಟ್ಕೊಂಡಿದೀನಿ. ಮೊದಲು ನಿಂಗೇ ಹೇಳ್ತಿರೋದು."

ಪತ್ರಿಕೆ ನನ್ನ ಕೈಯಲ್ಲೇ ಇತ್ತು.

"ಹೌದಾ!" ಎಂದೆ. "ಯಾವತ್ತೋ?"