ಹಸಿದ ಕ್ಯಾಮೆರಾಗೆ ಊಟವಿಟ್ಟ ರಫೀಕ್ ಸಾಬರು

ಶಿರಾದ ರಫೀಕ್ ಸಾಬರಿಗೆ ಊಟದ ಮಾತು ಬಿಟ್ಟು ಕರೆಂಟಿನ ಮಾತು ಆಡಲು ಬರುತ್ತಲೇ ಇರಲಿಲ್ಲ. ಕ್ಯಾಮೆರಾ ಕೂರಿಸುವುದು ಅವರ ಕಸುಬು, ಮದುವೆ ಮನೆಗಳಲ್ಲಿ ಬಿರಿಯಾನಿ ಮಾಡುವುದು ಅವರ ಹುಚ್ಚು. ಎರಡರಲ್ಲೂ ನನ್ನ ಸಮ ಯಾರೂ ಇಲ್ಲ ಎಂದು ತಾವೇ ಊರೆಲ್ಲ ಸಾರಿಕೊಂಡು ಬರುತ್ತಿದ್ದರು. ಜಂಬವೋ ಜಂಬ! ಆದರೂ ಆ ಮನುಷ್ಯನ ಮೇಲೆ ಸಿಟ್ಟು ಬರುತ್ತಿರಲಿಲ್ಲ.

ನಮ್ಮ ಮದಲೂರು ಕೆರೆ ತುಂಬಿ ಕೋಡಿ ಬೀಳುವ ಹೊತ್ತಿಗೆ ಅಜ್ಜಿ ಸೊಂಟ ಮುರಿದುಕೊಂಡು ಮಂಚ ಹಿಡಿದಿದ್ದಳು. "ಕೋಡಿ ನೀರು ನೋಡ್ದೆ ನಾನು ಸಾಯಾಕಿಲ್ಲ ಕಣ್ಲಾ" ಎಂದು ಒಂದೇ ಹಟ. ಹೊತ್ತುಕೊಂಡು ಹೋಗಲು ಡಾಕ್ಟರು ಬಿಡಲಿಲ್ಲ. ಅದಕ್ಕೇ ಕೋಡಿಗೆ ಅಂಟಿದ ನಮ್ಮ ತೋಟದ ಮೂಲೆಗೊಂದು, ಹೇಗೂ ಎಮ್ಮೆಯ ಮೇಲೂ ಕಣ್ಣಿರಲೆಂದು ಕೊಟ್ಟಿಗೆಗೊಂದು ಕ್ಯಾಮೆರಾ ಹಾಕಿ ಮನೆ ಟಿವಿಯಲ್ಲೇ ತೋರಿಸುವುದೆಂದಾಯಿತು.

ಸಾಬರು ವೈರೆಳೆದು, "ಈ ವೈರೆಲ್ಲ ಸಿಕ್ಕಿಸೋಕೆ ಒಂದು ಡಬ್ಬಿ ಬೇಕು, ಪಿಒಇ ಸ್ವಿಚ್ಚೇ ತನ್ನಿ" ಎಂದು ಹೇಳಿ ಹೋದರು. ದೊಡ್ಡಪ್ಪ ತಂದದ್ದು ಸಾದಾ ಸ್ವಿಚ್ಚು. "ಎಲ್ಡಕ್ಕೂ ಎಂಟೇ ತೂತು, ಅಗ್ಗದ್ದು ಯಾಕೆ ಬುಡ್ಬೇಕು?" ಸಿಕ್ಕಿಸಿದರೆ ಕೊಟ್ಟಿಗೆಯ ಎಮ್ಮೆ ಟಿವಿಯಲ್ಲಿ ಬಂತು, ಕೋಡಿ ಬರಲಿಲ್ಲ. ದೃಷ್ಟಿಯಾಗಿದೆಯೆಂದು ದೊಡ್ಡಪ್ಪ ಕ್ಯಾಮೆರಾ ಕಂಬಕ್ಕೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದರು! ಅಷ್ಟರಲ್ಲಿ ಊರ ಹೆಂಗಸರು ಬಾಗಿನ ಹಿಡಿದು ಕೆರೆಗೆ ಹೊರಟೇಬಿಟ್ಟರು. ಅಜ್ಜಿ ಎಮ್ಮೆಯನ್ನು ನೋಡುತ್ತ ಅಳತೊಡಗಿದಳು.

ನಾನು ಫೋನು ಮಾಡಿ ದೊಡ್ಡಪ್ಪ ತಂದ ಸ್ವಿಚ್ಚಿನ ವಿಷಯ ಹೇಳಿದ್ದಕ್ಕೆ ಸಾಬರು ಸ್ಕೂಟರಿನಲ್ಲಿ ತೋಟ ಹಾದು ಮನೆಗೆ ಬಂದವರೇ, ಕಂಬದಲ್ಲಿ ಕಂಡ ನಿಂಬೆಹಣ್ಣು ನೆನೆದು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅರೆ ಗೌಡ್ರೇ, ದೃಷ್ಟಿ ಅಲ್ಲ, ಅದಕ್ಕೆ ಹಸಿವು! ಸಾದಾ ಸ್ವಿಚ್ಚು ಬರೀ ಮಾತಾಡಿಸ್ತದೆ, ಊಟ ಹಾಕಲ್ಲ. ಕೊಟ್ಟಿಗೇಲಿ ಪ್ಲಗ್ ಐತೆ, ಆ ಕ್ಯಾಮೆರಾ ತನ್ನ ಊಟ ತಾನೇ ಉಣ್ತದೆ, ಅದಕ್ಕೆ ಸಾದಾದೇ ಸಾಕು. ಕೋಡಿ ಹತ್ರ ಕರೆಂಟ್ ಎಲ್ಲೈತೆ? ಪಿಒಇ ಆದ್ರೆ ಅದೇ ವೈರಲ್ಲಿ ಮಾತೂ ಹೋಗ್ತದೆ, ಊಟಾನೂ ಹೋಗ್ತದೆ."

ತಮ್ಮ ಅಂಗಡಿಯ ಕ್ಯಾಮೆರಾಗಳಿಂದಲೇ ಕಿತ್ತು ತಂದಿದ್ದ ಪಿಒಇ ಸ್ವಿಚ್ಚನ್ನು ಸಿಕ್ಕಿಸಿ, ಕ್ಯಾಮೆರಾ ತಿರುಗಿಸಲು ಕೋಡಿಯ ಕಡೆ ಓಡಿದರು. ಟಿವಿಯಲ್ಲಿ ಮೊದಲು ಕಂಡದ್ದು ಪರದೆ ತುಂಬ ಅವರ ಗಡ್ಡ.

"ಲೇ ಸಾಬಾ, ಪಕ್ಕಕ್ಕೆ ಸರಿಯೋ, ಗಂಗಮ್ಮ ಕಾಣ್ತಿಲ್ಲ!" ಎಂದು ಅಜ್ಜಿ ಟಿವಿಗೇ ಗದರಿದಳು.

ಫೋನಿನಲ್ಲಿ ಹೇಳಿದೆ, ಸರಿದರು. ನೀರು ಬೆಳ್ಳಗೆ ಧುಮುಕುತ್ತಿತ್ತು. ಅಜ್ಜಿ ಮಂಚದಲ್ಲೇ ಕೈಮುಗಿದಳು, ಅಳುತ್ತ, ನಗುತ್ತ. ಮನೆಗೆ ಬಂದ ಸಾಬರಿಗೆ ಹೋಳಿಗೆ ಬಡಿಸಿದೆವು. "ತುಪ್ಪ ಕಡಿಮೆ" ಎಂದು ತಕರಾರು ಮಾಡುತ್ತಲೇ ಅಷ್ಟನ್ನೂ ತಿಂದರು.

ಮುಂದಿನ ಮಳೆಗಾಲಕ್ಕೆ ಸಾಬರು ಇರಲಿಲ್ಲ. ಎದೆನೋವು ಅಂದವರು ಆಸ್ಪತ್ರೆಯಿಂದ ಬರಲೇ ಇಲ್ಲ. ಕೆರೆ ಮತ್ತೆ ಕೋಡಿ ಬಿದ್ದಾಗ ಟಿವಿ ಹಾಕಿದೆ. ನೀರು ನಿಚ್ಚಳವಾಗಿ ಕಾಣುತ್ತಿತ್ತು. ಅಜ್ಜಿ ಸುಮಾರು ಹೊತ್ತು ನೋಡಿ, ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಆ ಸಾಬ ಒಂದ್ಗಳಿಗೆ ಅಡ್ಡ ನಿಂತ್ಕಂಡಿದ್ರೆ ಚೆನ್ನಾಗಿರ್ತಿತ್ತು ಕಣ್ಲಾ" ಅಂದಳು.