ಎಲ್ಲ ತಪ್ಪೂ ಮೆಣಸಿನಕಾಯಿಯದೇ

ಬ್ಯಾಡಗಿಯಲ್ಲಿ ಯಾರಿಗೆ ಏನಾದರೂ ಮೊದಲು ಬೈಸಿಕೊಳ್ಳುವುದು ಮೆಣಸಿನಕಾಯಿ. ಕಣ್ಣು ಕೆಂಪಾದರೆ ಅದರ ಧೂಳು, ಸೀನು, ಕೆಮ್ಮು ಬಂದರೆ ಅದರ ಘಾಟು, ಹೊಟ್ಟೆ ಉರಿದರೆ ಅದರ ಉಷ್ಣ. ಸೊಸೆಯಾಗಿ ಬಂದಾಗಿನಿಂದ ನಾನೂ ಅತ್ತೆಯ ಪಕ್ಕದಲ್ಲಿ ಕೂತು ಕಾಯಿಯ ತೊಟ್ಟು ಬಿಡಿಸುವವಳೇ. ಆ ವರ್ಷ ಸುಗ್ಗಿಯಲ್ಲಿ ಮೂತ್ರಕ್ಕೆ ಹೋದಾಗಲೆಲ್ಲ ಉರಿಯತೊಡಗಿದಾಗ ಅತ್ತೆ ಕೊತ್ತಂಬರಿ ಬೀಜ ನೆನೆಸಿದ ನೀರು ಕೊಟ್ಟು, "ಉಷ್ಣ ಆಗೇತಿ, ಬ್ಯಾರೇ ಏನಿಲ್ಲ ತಗೋ," ಎಂದರು. ನಂಬಿದೆ.

ಉರಿ ಹೋಗಲಿಲ್ಲ. ಸುಗ್ಗಿ ಮುಗಿಯುವ ಹೊತ್ತಿಗೆ ಎಡಪಕ್ಕೆಯಲ್ಲಿ ನೋವು, ಸಂಜೆಯಾದರೆ ಸಣ್ಣ ಜ್ವರ. ಹಾವೇರಿಯ ಡಾಕ್ಟರು ಮೂತ್ರ ಪರೀಕ್ಷೆ ಮಾಡಿಸಿದರು, ಗುಳಿಗೆ ಕೊಟ್ಟರು, ಮತ್ತೆ ಪರೀಕ್ಷೆ ಮಾಡಿಸಿದರು. ಪ್ರತಿ ಸಲವೂ ಕೀವು ಇದೆ, ಆದರೆ ಯಾವ ರೋಗಾಣುವೂ ಬೆಳೆದಿಲ್ಲ ಎಂದೇ ಬರುತ್ತಿತ್ತು. ಬೆಳೆದಿಲ್ಲವಲ್ಲ, ಸದ್ಯ, ಎಂದು ನಾನು ಖುಷಿಪಟ್ಟೆ. ಡಾಕ್ಟರು ಖುಷಿಪಡಲಿಲ್ಲ.

"ಏನೂ ಬೆಳೀಲಿಲ್ಲಂತನ ನನಗ ಸಂಶೇ ಬಂದೈತಿ ನೋಡವಾ," ಎಂದರು. "ಕಿಡ್ನಿಯೊಳಗ ಟಿ.ಬಿ. ಅಡಗಿ ಕುಂತ್ರ ಹಿಂಗ ಆಗ್ತೈತಿ. ಈ ಪರೀಕ್ಷಾಕ್ಕ ಸಿಗೂದಿಲ್ಲ ಅದು. ಹಂಗ ಬಿಟ್ರ ಕಿಡ್ನಿ ತಿಂದು ಹಾಕ್ತೈತಿ."

ಟಿ.ಬಿ. ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಮುಂದಿನದು ಕೇಳಿಸಲಿಲ್ಲ. ನನ್ನ ಕಣ್ಣ ಮುಂದೆ ಬಂದದ್ದು ಎರಡು ವರ್ಷದ ಮಗಳು. ನನ್ನ ತಾಟಿನಲ್ಲೇ ಉಣ್ಣುವವಳು, ನನ್ನ ಕುತ್ತಿಗೆಗೆ ಬಾಯಿ ಹಚ್ಚಿ ಮಲಗುವವಳು. ಕಿಡ್ನಿ ಹೋದರೆ ಹಾಳಾಗಿ ಹೋಗಲಿ, ಅವಳಿಗೆ ಅಂಟಿಸಿಬಿಟ್ಟಿದ್ದರೆ?

ಡಾಕ್ಟರು ಬರೆದುಕೊಟ್ಟ ಪಿಸಿಆರ್ ಎಂಬ ಪರೀಕ್ಷೆ ನಮ್ಮ ಕಡೆಗೆ ಆಗಿನ್ನೂ ಹೊಸದು. ರೋಗಾಣುವಿನ ಒಂದು ಚೂರು ಸಿಕ್ಕರೂ ಸಾಕು, ಅದರದೇ ನಕಲು ಮೇಲೆ ನಕಲು ತೆಗೆದು ಗುರುತು ಹಿಡಿಯುತ್ತಾರಂತೆ. ಮುಂಜಾನೆಯ ಮೊದಲ ಮೂತ್ರವನ್ನು ರಾಣೆಬೆನ್ನೂರಿನ ಲ್ಯಾಬಿಗೆ ಕೊಟ್ಟರೆ ಅವರು ದೊಡ್ಡ ಊರಿಗೆ ಕಳಿಸುತ್ತಿದ್ದರು. ಬಾಟಲಿಗೆ ಟವೆಲು ಸುತ್ತಿ, ಕೈಚೀಲವನ್ನು ತೊಡೆಯ ಮೇಲೆ ಅವುಚಿಕೊಂಡು ಬಸ್ಸಿನಲ್ಲಿ ಕೂತೆ. ಮೋಟೆಬೆನ್ನೂರಿನಲ್ಲಿ ಹತ್ತಿದ ಮುದುಕಿ ಪಕ್ಕದಲ್ಲಿ ಕೂತು, "ತುಪ್ಪೇನವಾ? ಭಾಳ ಜ್ವಾಕಿ ಮಾಡಾಕತ್ತೀದಿ," ಎಂದಳು. ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಅಂದು ಹೂಂ ಎಂದು ಕಿಟಕಿಯ ಕಡೆ ಮುಖ ತಿರುಗಿಸಿದೆ.

ವರದಿ ಬರುವವರೆಗೆ ಮಗಳನ್ನು ಹತ್ತಿರ ಸೇರಿಸಲಿಲ್ಲ. ತಾಟು ಬೇರೆ ಮಾಡಿದೆ, ಹಾಸಿಗೆ ಬೇರೆ ಮಾಡಿದೆ. ಅವಳು ಅತ್ತು ನನ್ನ ಸೆರಗು ಹಿಡಿದರೆ ಬಿಡಿಸಿಕೊಂಡು ಹಿತ್ತಲಿಗೆ ಹೋಗಿ ನಾನೂ ಅಳುತ್ತಿದ್ದೆ. "ನನ್ನ ಮಗ್ಗಲದಾಗ ಮಲಗ್ತಾಳ ಬಿಡು," ಎಂದು ಅತ್ತೆ ಅವಳನ್ನು ಎತ್ತಿಕೊಂಡರು. ಅವರ ಕೈಯಲ್ಲಿದ್ದರೆ ಮಗು ಉಳಿಯುತ್ತದೆ ಎಂಬುದೊಂದೇ ನನಗೆ ಆಗ ಧೈರ್ಯ.

ಶ್ರಾವಣದಲ್ಲಿ ಡಾಕ್ಟರು ಕರೆಸಿದರು. "ಸಿಕ್ತು ನೋಡವಾ, ಟಿ.ಬಿ.ನ. ಗುಳಿಗಿ ತಪ್ಪಿಸಬ್ಯಾಡ, ಕಿಡ್ನಿ ಉಳೀತೈತಿ."

"ನನ್ನ ಮಗಳಿಗೆ ಅಂಟೇತೇನ್ರೀ?"

"ಕಿಡ್ನಿ ಟಿ.ಬಿ. ಹಂಗ ಅಂಟೂದಿಲ್ಲ. ಅಂಟೂದು ಎದಿಯಾಗಿನ ಟಿ.ಬಿ., ಕೆಮ್ಮಿನಿಂದ. ನಿನಗೂ ಯಾರದೋ ಕೆಮ್ಮಿನಿಂದನ ಬಂದಿರ್ತೈತಿ. ಮನ್ಯಾಗ ಯಾರರ ಭಾಳ ದಿನದಿಂದ ಕೆಮ್ಮತಾರೇನು?"

"ಬ್ಯಾಡಗ್ಯಾಗ ಕೆಮ್ಮಲಾರದವರು ಯಾರದಾರ್ರೀ ಸಾಹೇಬ್ರ?" ಎಂದೆ. ಎಷ್ಟೋ ತಿಂಗಳ ಮೇಲೆ ನಕ್ಕಿದ್ದೆ.

ಮಗಳನ್ನು ಎತ್ತಿಕೊಳ್ಳಬಹುದೆಂಬ ಸಂಭ್ರಮದಲ್ಲಿ ಬಸ್ಸಿಳಿದು ಜಿಟಿಜಿಟಿ ಮಳೆಯಲ್ಲೇ ಮನೆಗೆ ಓಡಿದೆ. ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಒಳಗೆ ಅತ್ತೆ ಕೆಮ್ಮಿದರು. ದಿನವೂ ಕೇಳಿದ ಕೆಮ್ಮೇ. ಆದರೆ ಸುಗ್ಗಿ ಮುಗಿದು ತಿಂಗಳುಗಳಾಗಿದ್ದವು. ಪಡಸಾಲೆ ತೊಳೆದು ಸ್ವಚ್ಛವಾಗಿತ್ತು. ಘಾಟು ಎನ್ನೋಣವೆಂದರೆ ಅಲ್ಲಿ ಒಂದು ಮೆಣಸಿನಕಾಯಿಯೂ ಇರಲಿಲ್ಲ. ಅವರು ಮತ್ತೆ ಕೆಮ್ಮಿದರು.

ಮಗಳು ಅವರ ಎದೆಗೆ ಮುಖ ಹಚ್ಚಿ ಮಲಗಿದ್ದಳು. "ಈಗರ ನಿದ್ದಿ ಹತ್ತೇತಿ," ಎಂದರು ಅತ್ತೆ, "ಎಬ್ಬಸಬ್ಯಾಡ."